ಕೈಯೆಲ್ಲ ರಕ್ತ ಆಗಿತ್ತು, ಬೆರಳಲ್ಲಿ ಗೀರೂ ಇತ್ತು: ಎಚ್‌ಐವಿ ಬರುತ್ತಾ?

ಪ್ರಶ್ನೆ: ಡಾಕ್ಟ್ರೇ, ಮೂರು ವಾರದ ಹಿಂದೆ ನನ್ನ ಕಣ್ಣೆದುರೇ ಒಂದು ಬೈಕ್ ಅಪಘಾತ ಆಯಿತು. ಬಿದ್ದವರ ತಲೆಯಿಂದ ರಕ್ತ ಸುರಿಯುತ್ತಿತ್ತು. ಕರವಸ್ತ್ರ ಒತ್ತಿ ಹಿಡಿದು ಕೂತೆ. ಆಂಬುಲೆನ್ಸ್ ಬರುವವರೆಗೂ, ಸುಮಾರು ಇಪ್ಪತ್ತು ನಿಮಿಷ, ಎರಡೂ ಕೈ ರಕ್ತದಲ್ಲೇ ಇದ್ದವು. ಮನೆಗೆ ಬಂದು ತೊಳೆಯುವಾಗ ಹೆಬ್ಬೆರಳಲ್ಲಿ ಗೀರು ಕಂಡಿತು. ಎರಡು ದಿನ ಮುಂಚೆ ಕಾಗದ ಕೊಯ್ದಿದ್ದು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. 10ನೇ ದಿನ ಎಚ್‌ಐವಿ ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂತು. ಆದರೆ ಮೂರು ದಿನದಿಂದ ಗಂಟಲು ನೋವು. ಬೈಕಿನ ಬೀಗದ ಕೈ, ಮನೆ ಬಾಗಿಲ ಹಿಡಿಕೆ ಎಲ್ಲ ಅದೇ ಕೈಯಲ್ಲಿ ಮುಟ್ಟಿದ್ದೆ. ಮಗಳನ್ನು ಎತ್ತಿಕೊಳ್ಳಲು ಭಯ. ತಟ್ಟೆ, ಲೋಟ ಬೇರೆ ಇಟ್ಟುಕೊಂಡಿದ್ದೇನೆ. ಹೆಂಡತಿಗೆ ಏನೂ ಹೇಳಿಲ್ಲ, ಸುಮ್ನೆ ದೂರ ಮಲಗುತ್ತಿದ್ದೇನೆ. ಆವತ್ತಿನ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟಿದ್ದೇನೆ. ಸುಟ್ಟು ಹಾಕಬೇಕಾ?

ಉತ್ತರ: ಈ ಘಟನೆಯಿಂದ ನಿಮಗೆ ಎಚ್‌ಐವಿ ಬಂದಿಲ್ಲ. ಮೊದಲು ಹೋಗಿ ಮಗಳನ್ನು ಎತ್ತಿಕೊಳ್ಳಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಆದರೆ ಓದಿ. 'ಏನೂ ಆಗಲ್ಲ ಬಿಡಿ' ಅನ್ನೋ ಮಾತಿನಿಂದ ಇಂಥ ಭಯ ಹೋಗುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಅದು ಮತ್ತೆ ಎದ್ದು ಕೂರುತ್ತದೆ. ಯಾಕೆ ಏನೂ ಆಗಲ್ಲ ಅಂತ ಗೊತ್ತಾದರೆ ಮಾತ್ರ ಮನಸ್ಸು ಸ್ವಲ್ಪ ಸುಮ್ಮನಾಗುತ್ತದೆ.

'ಎಚ್‌ಐವಿ ರಕ್ತದಿಂದ ಹರಡುತ್ತದೆ' ಅಂತ ನಾವೆಲ್ಲ ಗೋಡೆ ಬರಹಗಳಲ್ಲಿ ಓದಿದ್ದೇವೆ. ಅದು ಸುಳ್ಳಲ್ಲ, ಅರ್ಧ ಮಾತು. ಆ ರಕ್ತದಲ್ಲಿ ವೈರಸ್ ಇರಬೇಕು. ಅದು ಇನ್ನೂ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು. ಸಾಕಷ್ಟು ಪ್ರಮಾಣದಲ್ಲಿರಬೇಕು. ಕೊನೆಗೆ ಇನ್ನೊಬ್ಬರ ದೇಹದ ಒಳಗೆ, ತನಗೆ ಬೇಕಾದ ಕಣ ಸಿಗುವ ಜಾಗಕ್ಕೆ ತಲುಪಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಸೋಂಕು ಆಗುವುದಿಲ್ಲ. ಗೋಡೆಯ ಮೇಲೆ ಇಷ್ಟೆಲ್ಲ ಹಿಡಿಸಲ್ಲ, ಹಾಗಾಗಿ ನಮ್ಮ ತಲೆಯಲ್ಲಿ ಉಳಿದದ್ದು 'ರಕ್ತ' ಅನ್ನೋ ಒಂದೇ ಪದ.

ರಕ್ತ ಅದೇ, ವೈರಸ್ಸೂ ಅದೇ, ಒಳಗೆ ಹೋಗುವ ದಾರಿ ಮಾತ್ರ ಬೇರೆ ಅಂದುಕೊಳ್ಳಿ. ಎಚ್‌ಐವಿ ಇರುವ ಒಂದು ಬಾಟಲಿ ರಕ್ತವನ್ನು ನೇರವಾಗಿ ನರಕ್ಕೆ ಏರಿಸಿದರೆ 100 ಜನರಲ್ಲಿ 90ಕ್ಕೂ ಜಾಸ್ತಿ ಜನರಿಗೆ ಸೋಂಕು ತಗಲುತ್ತದೆ. ಆದ್ದರಿಂದಲೇ ರಕ್ತನಿಧಿಗಳಲ್ಲಿ ದಾನದ ರಕ್ತವನ್ನು ಪರೀಕ್ಷೆ ಮಾಡುತ್ತಾರೆ. ಈಗ ಅದೇ ರಕ್ತ ಮೆತ್ತಿದ ಸೂಜಿ ಒಬ್ಬ ನರ್ಸ್‌ಗೆ ಚುಚ್ಚಿತು ಅನ್ನಿ. 1000 ಸಲ ಹೀಗೆ ಚುಚ್ಚಿದರೆ ಸೋಂಕು ಆಗುವುದು ಸುಮಾರು 3 ಸಲ, ಅದಕ್ಕಿಂತ ಸ್ವಲ್ಪ ಕಡಿಮೆಯೇ. ಔಷಧಿ ತೆಗೆದುಕೊಳ್ಳದಿದ್ದರೂ 997 ಸಲ ಏನೂ ಆಗುವುದಿಲ್ಲ. ಅದೇ ರಕ್ತ ಕಣ್ಣಿಗೋ ಬಾಯಿಗೋ ಚಿಮ್ಮಿದರೆ 1000ದಲ್ಲಿ ಸುಮಾರು 1. ಸರಿಯಿರುವ ಚರ್ಮದ ಮೇಲೆ ಬಿದ್ದರೆ? ಅಲ್ಲಿಗೆ ಲೆಕ್ಕ ಮುಗಿಯಿತು. ಅದಕ್ಕೆ ಕೊಡಲು ಸಂಖ್ಯೆಯೇ ಇಲ್ಲ.

ಜನ ಸಾಮಾನ್ಯವಾಗಿ ಎಷ್ಟು ರಕ್ತ ತಾಗಿತು ಅಂತ ನೋಡುತ್ತಾರೆ. ನಾವು ಡಾಕ್ಟರುಗಳು ನೋಡುವುದು ಎಲ್ಲಿಂದ ಒಳಗೆ ಹೋಯಿತು ಅಂತ. ಎರಡು ಕೈ ತುಂಬ ರಕ್ತ ಕಂಡಾಗ ಎದೆ ಝಲ್ ಅನ್ನುತ್ತದೆ, ಸಹಜ. ಆದರೆ ಸೂಜಿಯ ಟೊಳ್ಳಿನೊಳಗೆ ಇದ್ದು ಚರ್ಮ ದಾಟಿ ಹೋದ ಕಣ್ಣಿಗೆ ಕಾಣದಷ್ಟು ಹನಿ, ಚರ್ಮದ ಹೊರಗೆ ಉಳಿದ ಒಂದು ಬೊಗಸೆಗಿಂತ ಅಪಾಯ.

ಚರ್ಮ ಬರೀ ಹೊದಿಕೆ ಅಲ್ಲ. ಅದರ ತೀರ ಮೇಲಿನ ಪದರ ಸತ್ತ ಕಣಗಳದ್ದು, ಇಟ್ಟಿಗೆ ಜೋಡಿಸಿದ ಹಾಗೆ ಒತ್ತೊತ್ತಾಗಿ ಇರುತ್ತದೆ. ಎಚ್‌ಐವಿ ಬದುಕಿರುವ ಕಣದೊಳಗೆ ಮಾತ್ರ ಹೆಚ್ಚುತ್ತದೆ. ಅದೂ ಎಲ್ಲ ಕಣ ಅಲ್ಲ, ಮುಖ್ಯವಾಗಿ ಸಿಡಿ4 ಅನ್ನುವ ಗುರುತು ಇರುವ ಬಿಳಿ ರಕ್ತಕಣಗಳೇ ಬೇಕು. ಚರ್ಮದ ಮೇಲ್ಪದರದಲ್ಲಿ ಅವು ಇಲ್ಲ. ಚರ್ಮದ ಮೇಲೆ ಬಿದ್ದ ವೈರಸ್ ಬೀಗವೇ ಇಲ್ಲದ ಗೋಡೆಯ ಮುಂದೆ ಬೀಗದ ಕೈ ಹಿಡಿದು ನಿಂತ ಹಾಗೆ. ಇಪ್ಪತ್ತು ನಿಮಿಷ ಅಲ್ಲ, ಎರಡು ಗಂಟೆ ನಿಂತರೂ ಅಷ್ಟೇ.

ಈಗ ನಿಮ್ಮ ಗೀರಿನ ವಿಷಯಕ್ಕೆ ಬರೋಣ. ನಿಮ್ಮ ನಿದ್ದೆ ಕೆಡಿಸಿರುವುದು ರಕ್ತಕ್ಕಿಂತ ಆ ಗೀರು, ಅಲ್ವಾ? ಅದು ಎರಡು ದಿನದ ಹಳೆಯದು. ತೆಳುವಾಗಿ ಕೊಯ್ದ ಗಾಯದ ಮೇಲೆ ಒಂದೆರಡು ದಿನದಲ್ಲೇ ಹೊಸ ಕಣಗಳ ಪದರ ಹರಡಿಕೊಳ್ಳುತ್ತದೆ. ಆಪರೇಷನ್ ಆದವರಿಗೆ 48 ಗಂಟೆ ಕಳೆದ ಮೇಲೆ ಸ್ನಾನಕ್ಕೆ ಅನುಮತಿ ಕೊಡುವುದುಂಟು, ಅದರ ಹಿಂದಿನ ಲೆಕ್ಕವೂ ಇದೇ. ಕಣ್ಣಿಗೆ ಗೆರೆ ಕಾಣುತ್ತದೆ, ಉಪ್ಪು ತಾಗಿದರೆ ಸ್ವಲ್ಪ ಉರಿಯಲೂ ಬಹುದು, ಆದರೆ ಬಾಗಿಲು ಮುಚ್ಚಿಯಾಗಿದೆ. ಹಕ್ಕಳೆ ಕಟ್ಟಿದ ಗಾಯ, ಉಗುರು ಸುತ್ತಿನ ಸಿಪ್ಪೆ ಎದ್ದ ಜಾಗ, ಒಡೆದ ಹಿಮ್ಮಡಿ ಎಲ್ಲ ಹೆಚ್ಚುಕಡಿಮೆ ಇದೇ ಸಾಲಿಗೆ ಸೇರುತ್ತವೆ. ಆ ಕ್ಷಣದಲ್ಲಿ ನಿಮ್ಮ ಬೆರಳಿಂದ ನಿಮ್ಮದೇ ರಕ್ತ ಬರುತ್ತಿರಲಿಲ್ಲ ಅಂದರೆ ಅದು ತೆರೆದ ಗಾಯ ಅಲ್ಲ.

ಹಾಗಾದರೆ ಯಾವಾಗ ಹೆದರಬೇಕಿತ್ತು? ಅದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಬರೀ ಸಮಾಧಾನ ಮಾಡಿದ ಹಾಗಾಗುತ್ತದೆ. ಒಡೆದ ಗಾಜು ಅದೇ ಹೊತ್ತಿಗೆ ನಿಮ್ಮ ಅಂಗೈಯನ್ನು ಆಳವಾಗಿ ಕೊಯ್ದು, ಆ ಹಸಿ ಗಾಯದೊಳಗೆ ಅವರ ರಕ್ತ ಹರಿದಿದ್ದರೆ 'ತಕ್ಷಣ ಆಸ್ಪತ್ರೆಗೆ ಹೋಗಿ' ಅನ್ನುತ್ತಿದ್ದೆ. ಕಣ್ಣಿಗೆ ರಕ್ತ ಚಿಮ್ಮಿದ್ದರೂ ಅದೇ ಮಾತು. ಆಗಲೂ ಸೋಂಕು ಆಗುವ ಸಾಧ್ಯತೆ ಕಡಿಮೆಯೇ. ಆದರೆ ತಡೆಯುವ ಔಷಧಿ ಇದೆ, ಅದನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಆ ಔಷಧಿಗೆ ಪೆಪ್ ಅನ್ನುತ್ತಾರೆ. 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. 28 ದಿನ ಬಿಡದೆ ನುಂಗಬೇಕು. ನಿಮಗೆ ಆ ಅವಧಿ ಮುಗಿದಿದೆ ಅಂತ ಕೊರಗಬೇಡಿ. ಮೊದಲ ದಿನವೇ ಬಂದಿದ್ದರೂ ನಿಮಗೆ ನಾನು ಅದನ್ನು ಬರೆದುಕೊಡುತ್ತಿರಲಿಲ್ಲ.

ನನ್ನದೇ ಒಂದು ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಎಚ್‌ಐವಿ ಇದ್ದ ರೋಗಿಯ ರಕ್ತ ತೆಗೆದು, ಸೂಜಿಗೆ ಮುಚ್ಚಳ ಹಾಕಲು ಹೋಗಿ ತೋರುಬೆರಳಿಗೆ ಚುಚ್ಚಿಕೊಂಡೆ. ಮುಚ್ಚಳ ಹಾಕಬಾರದು ಅಂತ ಹಿಂದಿನ ವಾರವಷ್ಟೇ ಕಿರಿಯರಿಗೆ ಪಾಠ ಹೇಳಿದ್ದೆ! 1000ಕ್ಕೆ 3 ಅನ್ನುವ ಲೆಕ್ಕ ನನಗೆ ಬಾಯಿಪಾಠ. ಮಾತ್ರೆಯನ್ನೂ ಎರಡು ಗಂಟೆಯೊಳಗೆ ಶುರು ಮಾಡಿದೆ. ಆದರೂ ಆ ತಿಂಗಳು ನನಗೆ ಕಾಣುತ್ತಿದ್ದದ್ದು ಆ 3 ಮಾತ್ರ, 997 ಕಾಣಲೇ ಇಲ್ಲ. ಆಗಿನ ಮಾತ್ರೆಗಳು ಹೊಟ್ಟೆ ತೊಳಸುತ್ತಿದ್ದವು. ಪ್ರತಿ ಸಲ ವಾಕರಿಕೆ ಬಂದಾಗಲೂ ಇದು ಮಾತ್ರೆಯದೋ ವೈರಸ್ಸಿನದೋ ಅಂತ ಯೋಚನೆ. ಏನೂ ಆಗಲಿಲ್ಲ. ಆದ್ದರಿಂದ ನಿಮ್ಮ ಭಯವನ್ನು ನೋಡಿ ನಾನು ನಗುವುದಿಲ್ಲ. ಆದರೆ ನನಗೆ ಚುಚ್ಚಿದ್ದು ಸೂಜಿ. ನಿಮಗೆ ಯಾವುದೂ ಚುಚ್ಚಿಲ್ಲ.

ದಿನವಿಡೀ ರಕ್ತದ ಜೊತೆಗೇ ಇರುವವರಿಗೆ ಏನಾಗಿದೆ ನೋಡಿ. ಅಮೆರಿಕದಲ್ಲಿ 1985ರಿಂದ 2013ರವರೆಗಿನ ಇಂಥ ಪ್ರಕರಣಗಳನ್ನು ಒಂದೊಂದಾಗಿ ಲೆಕ್ಕ ಇಟ್ಟಿದ್ದಾರೆ. ಕೆಲಸದ ಜಾಗದಲ್ಲೇ ಎಚ್‌ಐವಿ ತಗಲಿತು ಅಂತ ಖಚಿತವಾದ ಆರೋಗ್ಯ ಸಿಬ್ಬಂದಿ 58 ಜನ. ಲಕ್ಷಾಂತರ ನರ್ಸ್‌ಗಳು, ಡಾಕ್ಟರುಗಳು, ಲ್ಯಾಬ್‌ನವರು, ಸುಮಾರು ಮೂವತ್ತು ವರ್ಷ, 58 ಜನ. ಬಹುಪಾಲು ಸೂಜಿ ಅಥವಾ ಹರಿತವಾದದ್ದು ಚುಚ್ಚಿ ಆದದ್ದು. 1999ರ ನಂತರ ಖಚಿತವಾದದ್ದು ಒಂದೇ ಒಂದು, ಅದೂ ಲ್ಯಾಬ್‌ನಲ್ಲಿ ಬೆಳೆಸಿದ ವೈರಸ್ ಜೊತೆ ಕೆಲಸ ಮಾಡುವಾಗ ಸೂಜಿ ಚುಚ್ಚಿ. 1997ರಲ್ಲಿ ಬಂದ ಇನ್ನೊಂದು ಅಧ್ಯಯನ ಯಾವ ಚುಚ್ಚುವಿಕೆ ಜಾಸ್ತಿ ಅಪಾಯ ಅಂತ ಹುಡುಕಿತು. ಆಳವಾದ ಗಾಯ, ಸೂಜಿಯ ಮೇಲೆ ಕಣ್ಣಿಗೆ ಕಾಣುವಷ್ಟು ರಕ್ತ, ನೇರ ರಕ್ತನಾಳದಿಂದ ಹೊರತೆಗೆದ ಸೂಜಿ, ಏಡ್ಸ್‌ನ ಕೊನೆಯ ಹಂತದಲ್ಲಿದ್ದ ರೋಗಿ. ಆಗಿನ ಒಂದೇ ಮಾತ್ರೆ ಜಿಡೊವುಡೀನ್ ತಗೊಂಡವರಲ್ಲಿ ಅಪಾಯ ಸುಮಾರು 81 ಶೇಕಡಾ ಇಳಿದಿತ್ತು. ಈಗ ಮೂರು ಔಷಧಿ ಸೇರಿಸಿ ಕೊಡುತ್ತಾರೆ.

ಬೀಗದ ಕೈ, ಬಾಗಿಲ ಹಿಡಿಕೆ ಬಗ್ಗೆ ಕೇಳಿದ್ದೀರಿ. ಎಚ್‌ಐವಿ ದೇಹದ ಹೊರಗೆ ಬಹಳ ಸೊರಗಿದ ಜೀವ. ಅದರ ಸುತ್ತ ತೆಳುವಾದ ಕೊಬ್ಬಿನ ಪದರ ಇದೆ. ಆ ಪದರ ಹೋದರೆ ವೈರಸ್ ಕೆಲಸಕ್ಕೆ ಬಾರದು. ಸೋಪು ಎಣ್ಣೆ ಜಿಡ್ಡನ್ನು ಬಿಡಿಸುವ ಹಾಗೆಯೇ ಅದನ್ನೂ ಬಿಡಿಸಿಬಿಡುತ್ತದೆ. ನೀವು ಕೈ ತೊಳೆದಾಗ ಆದದ್ದು ಅದೇ. ಇನ್ನು ಒಣಗುವುದು. ಲ್ಯಾಬ್‌ನಲ್ಲಿ, ನಿಜವಾದ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ವೈರಸ್ ಇಟ್ಟು ಒಣಗಿಸಿ ನೋಡಿದ್ದಾರೆ. ಕೆಲವೇ ಗಂಟೆಯಲ್ಲಿ 90ರಿಂದ 99 ಶೇಕಡಾ ನಾಶ. ಅಷ್ಟು ಸಾಲದು ಅಂತ, ಉಳಿದದ್ದು ಹಿಡಿಕೆಯಿಂದ ನಿಮ್ಮ ಅಂಗೈಗೆ ಬಂದರೂ ಅಲ್ಲಿ ಮತ್ತೆ ಅದೇ ಗೋಡೆ. ಬಾಗಿಲ ಹಿಡಿಕೆ, ಕುರ್ಚಿ, ನೋಟು, ಟಾಯ್ಲೆಟ್ ಸೀಟು, ಬಸ್ಸಿನ ಕಂಬಿಯಿಂದ ಎಚ್‌ಐವಿ ಬರುವುದಿಲ್ಲ. ಕೆಂಪು ಕಲೆ ಕಂಡಲ್ಲೆಲ್ಲ ನಿಂತು ನೋಡುವ ಅಭ್ಯಾಸ ಈ ಮೂರು ವಾರದಲ್ಲಿ ನಿಮಗೆ ಶುರುವಾಗಿದ್ದರೆ ನನಗೆ ಆಶ್ಚರ್ಯ ಇಲ್ಲ. ಅದರಲ್ಲಿ ಮುಕ್ಕಾಲು ಪಾಲು ರಕ್ತವೇ ಆಗಿರಲ್ಲ, ಬಣ್ಣವೋ ತುಕ್ಕೋ ಆಗಿರುತ್ತದೆ.

ಒಂದು ವಿನಾಯಿತಿ ಇದೆ, ಮುಚ್ಚಿಡಬಾರದು. ಸಿರಿಂಜ್‌ನ ಒಳಗೆ ಉಳಿದ ರಕ್ತಕ್ಕೆ ಗಾಳಿ ತಾಗುವುದಿಲ್ಲ, ಬೇಗ ಒಣಗುವುದೂ ಇಲ್ಲ. ಅಲ್ಲಿ, ಅದರಲ್ಲೂ ತಂಪಿನಲ್ಲಿ, ವೈರಸ್ ವಾರಗಟ್ಟಲೆ ಉಳಿಯಬಹುದು. ಅಮಲು ಪದಾರ್ಥ ಚುಚ್ಚಿಕೊಳ್ಳಲು ಒಂದೇ ಸಿರಿಂಜ್ ಹಂಚಿಕೊಳ್ಳುವವರಲ್ಲಿ ಎಚ್‌ಐವಿ ಇಷ್ಟು ಹರಡಿದ್ದು ಅದರಿಂದಲೇ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದು ಇಂಜೆಕ್ಷನ್‌ಗೂ ಬೇಡ, ಹಚ್ಚೆಗೂ ಬೇಡ, ಕಿವಿ ಚುಚ್ಚುವುದಕ್ಕೂ ಬೇಡ.

ಉಳಿದ ಮಾಮೂಲಿ ಪ್ರಶ್ನೆಗಳನ್ನು ಬೇಗ ಮುಗಿಸುತ್ತೇನೆ. ಎಂಜಲು, ಬೆವರು, ಕಣ್ಣೀರಿನಿಂದ ಬರಲ್ಲ. ಕೆಮ್ಮು, ಸೀನಿನಿಂದ ಬರಲ್ಲ. ಸೊಳ್ಳೆಯಿಂದಲೂ ಬರಲ್ಲ. ಸೊಳ್ಳೆ ಕಚ್ಚುವಾಗ ಒಳಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ. ಸೊಳ್ಳೆಯೊಳಗೆ ಎಚ್‌ಐವಿ ಬೆಳೆಯುವುದೂ ಇಲ್ಲ. ರೇಜರ್ ಮತ್ತು ಹಲ್ಲುಜ್ಜುವ ಬ್ರಷ್ ಮಾತ್ರ ಮನೆಯವರ ಜೊತೆಗೂ ಹಂಚಿಕೊಳ್ಳಬೇಡಿ. ಎಚ್‌ಐವಿಗಿಂತ ಲಿವರ್‌ಗೆ ತಗಲುವ ಹೆಪಟೈಟಿಸ್ ವೈರಸ್‌ಗಳ ಸಲುವಾಗಿ ಈ ಮಾತು ಹೇಳುತ್ತಿದ್ದೇನೆ.

ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದೇನೆ ಅಂದಿರಲ್ಲ, ಅದನ್ನು ಓದಿ ಬೇಜಾರಾಯಿತು. ಎಚ್‌ಐವಿ ಇರುವವರೂ ಹಾಗೆ ಮಾಡಬೇಕಿಲ್ಲ. ಈ ವೈರಸ್ ಪತ್ತೆಯಾದದ್ದು 1983ರಲ್ಲಿ. ಅದಾಗಿ ಮೂರೇ ವರ್ಷಕ್ಕೆ, 1986ರಲ್ಲಿ, ನ್ಯೂಯಾರ್ಕ್‌ನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. 39 ಏಡ್ಸ್ ರೋಗಿಗಳ ಮನೆಗಳಲ್ಲಿ ಅವರ ಜೊತೆ ಬದುಕುತ್ತಿದ್ದ, ಆದರೆ ದೈಹಿಕ ಸಂಬಂಧ ಇಲ್ಲದಿದ್ದ 101 ಜನರನ್ನು ಪರೀಕ್ಷಿಸಿದರು. ಬಡ ಕುಟುಂಬಗಳು. ಒಂದೇ ಬಚ್ಚಲು, ಎಷ್ಟೋ ಕಡೆ ಅದೇ ಪಾತ್ರೆ, ಅದೇ ಟವೆಲ್, ಅದೇ ಹಾಸಿಗೆ. ಆಗ ಚಿಕಿತ್ಸೆಯೇ ಇರಲಿಲ್ಲ, ರೋಗಿಗಳ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿತ್ತು. ಸೋಂಕು ಸಿಕ್ಕಿದ್ದು ಒಂದು ಮಗುವಿಗೆ ಮಾತ್ರ. ಅದಕ್ಕೂ ಹುಟ್ಟುವಾಗಲೇ ತಾಯಿಯಿಂದ ಬಂದಿರಬೇಕು ಅಂತ ತೀರ್ಮಾನ ಆಯಿತು. ನೀವು ನಿಮ್ಮ ಮಗಳಿಂದ ದೂರ ಇರುವುದಕ್ಕೆ ಇಷ್ಟು ವರ್ಷದಲ್ಲಿ ಒಂದೂ ಕಾರಣ ಸಿಕ್ಕಿಲ್ಲ.

ಇನ್ನೊಂದು ವಿಷಯ. ಬಿದ್ದಿದ್ದವರಿಗೆ ಎಚ್‌ಐವಿ ಇತ್ತು ಅಂತ ನೀವು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಪ್ರಪಂಚದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಸುಮಾರು 4 ಕೋಟಿ. ಸರಾಸರಿ ತೆಗೆದರೆ 200 ಜನರಲ್ಲಿ ಒಬ್ಬರು. ಅವರಲ್ಲೂ ಹತ್ತಕ್ಕೆ ಏಳು ಜನರ ರಕ್ತದಲ್ಲಿ ಔಷಧಿಯಿಂದ ವೈರಸ್ ಹತೋಟಿಗೆ ಬಂದಿದೆ. ಮಾತ್ರೆ ಸರಿಯಾಗಿ ತಗೊಂಡು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ದೈಹಿಕ ಸಂಬಂಧದಲ್ಲೂ ಸೋಂಕು ಹರಡುವುದಿಲ್ಲ. 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ, ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 782 ಪುರುಷ ಜೋಡಿಗಳು ಸುಮಾರು 76,000 ಸಲ ಕಾಂಡೋಮ್ ಇಲ್ಲದೆ ಸೇರಿದ್ದರು. ಸಂಗಾತಿಯಿಂದ ಒಬ್ಬರಿಗೂ ಸೋಂಕು ಹರಡಲಿಲ್ಲ. ಅಂದರೆ ನಾನು ಆರಂಭದಲ್ಲಿ ಹೇಳಿದ 1000ಕ್ಕೆ 3 ಅನ್ನುವುದೂ ಹೆಚ್ಚಾಗಿ ಚಿಕಿತ್ಸೆ ಇಲ್ಲದ ಕಾಲದ ಲೆಕ್ಕ.

ಟೆಸ್ಟ್ ವಿಷಯ. 10ನೇ ದಿನದ ನೆಗೆಟಿವ್ ಅನ್ನು ಬದಿಗಿಡಿ, ಅದು ಏನನ್ನೂ ಹೇಳದಷ್ಟು ಬೇಗ ಆಯಿತು. ಸೋಂಕು ಆದ ಮೇಲೂ ಟೆಸ್ಟ್‌ಗೆ ಸಿಗದ ಒಂದಷ್ಟು ದಿನ ಇರುತ್ತದೆ, ಅದನ್ನು ವಿಂಡೋ ಪೀರಿಯಡ್ ಅನ್ನುತ್ತೇವೆ. ಕೈಯ ನರದಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟ್‌ಗೆ ಅದು 45 ದಿನ. ಬೆರಳು ಚುಚ್ಚಿ ಮಾಡುವ ಆಂಟಿಬಾಡಿ ರ್‍ಯಾಪಿಡ್ ಟೆಸ್ಟ್‌ಗೆ 90 ದಿನ. ನಿಮಗೆ ಇನ್ನೊಂದು ಟೆಸ್ಟ್ ವೈದ್ಯಕೀಯವಾಗಿ ಬೇಕಿಲ್ಲ. ಮನಸ್ಸಿಗೆ ಬೇಕು ಅಂದರೆ 45 ದಿನ ಆದ ಮೇಲೆ ಲ್ಯಾಬ್ ಟೆಸ್ಟ್ ಒಂದೇ ಒಂದು ಸಲ ಮಾಡಿಸಿ. ಅಲ್ಲಿಗೆ ನಿಲ್ಲಿಸಿ. ಒಂದು ಘಟನೆಗೆ ಹನ್ನೊಂದು ಟೆಸ್ಟ್ ಮಾಡಿಸಿದವರನ್ನು ನೋಡಿದ್ದೇನೆ. ಪ್ರತಿ ನೆಗೆಟಿವ್‌ನ ಸಮಾಧಾನ ಎರಡು ದಿನ ಇರುತ್ತಿತ್ತು, ಆಮೇಲೆ 'ಆ ಕಿಟ್ ಹಳೆಯದಾಗಿತ್ತಾ' ಅನ್ನುವ ಹೊಸ ಅನುಮಾನ. ಅವರಿಗೆ ಬೇಕಾಗಿದ್ದದ್ದು ಲ್ಯಾಬ್ ಅಲ್ಲ, ಮನೋವೈದ್ಯರು. ಹೋದರು, ಗುಣವಾದರು. ಇನ್ನೂ ಕೆಲವು ವಾರ ನಿಮ್ಮ ನಿದ್ದೆ ಹೀಗೇ ಹೋದರೆ ನೀವೂ ಹೋಗಿ. ಸಂಕೋಚ ಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಗಂಟಲು ನೋವು? ಎಚ್‌ಐವಿ ತಗಲಿದ ಎರಡರಿಂದ ನಾಲ್ಕು ವಾರದಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ಗುಳ್ಳೆ ಬರುವುದು ನಿಜ. ನೀವು ಅದನ್ನು ಈಗಾಗಲೇ ಎಲ್ಲೋ ಓದಿದ್ದೀರಿ ಅನ್ನುವುದೂ ನಿಜ ಇರಬೇಕು. ಅದೇ ಗಂಟಲು ನೋವು ನೆಗಡಿಗೂ ಬರುತ್ತದೆ, ಮೂರು ವಾರ ನಿದ್ದೆಗೆಟ್ಟರೂ ಬರುತ್ತದೆ, ದಿನಕ್ಕೆ ಹತ್ತು ಸಲ ಟಾರ್ಚ್ ಬಿಟ್ಟು ಗಂಟಲು ನೋಡಿಕೊಂಡರೂ ಬರುತ್ತದೆ. ಲಕ್ಷಣ ನೋಡಿ ಎಚ್‌ಐವಿ ಹೇಳಲು ನನಗೂ ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ನೀವು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ನಾನು ಕೇಳಬೇಕೆಂದಿದ್ದದ್ದು ಅದೇ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀರಾ? ರಕ್ತದ ವಿಷಯದಲ್ಲಿ ಅದು ಎಚ್‌ಐವಿಗಿಂತ ಗಟ್ಟಿ ವೈರಸ್. ಒಣಗಿದ ರಕ್ತದಲ್ಲೂ ಏಳು ದಿನದವರೆಗೆ ಉಳಿಯುತ್ತದೆ. ಸೂಜಿ ಚುಚ್ಚಿದರೆ, ಲಸಿಕೆ ಇಲ್ಲದವರಿಗೆ 100ರಲ್ಲಿ 30 ಜನರವರೆಗೂ ತಗಲಬಹುದು. ನೂರಕ್ಕೆ ಮೂವತ್ತು, ಸಾವಿರಕ್ಕೆ ಮೂರು: ವ್ಯತ್ಯಾಸ ನೋಡಿ. ಆದರೂ ಇದರ ಹೆಸರು ಕೇಳಿ ಯಾರೂ ನಿದ್ದೆ ಬಿಡುವುದಿಲ್ಲ. ನಿಮ್ಮ ಮುಚ್ಚಿದ ಗೀರಿಗೆ ಇದೂ ಬಂದಿರುವ ಸಾಧ್ಯತೆ ತೀರ ಕಡಿಮೆ. ಆದರೆ ಇದಕ್ಕೆ ಲಸಿಕೆ ಇದೆ, ಎಚ್‌ಐವಿಗೆ ಇಲ್ಲ. ಸಾಮಾನ್ಯವಾಗಿ ಮೂರು ಡೋಸ್, ಆರು ತಿಂಗಳಲ್ಲಿ ಮುಗಿಯುತ್ತದೆ. ಡಾಕ್ಟರ್ ಹತ್ತಿರ ಹೋಗಲೇಬೇಕು ಅನ್ನಿಸಿದರೆ ಈ ಕೆಲಸಕ್ಕೆ ಹೋಗಿ. ಟಿಟಿ ಇಂಜೆಕ್ಷನ್ ಹಾಕಿಸಿ ಹತ್ತು ವರ್ಷ ದಾಟಿದ್ದರೆ ಅದನ್ನೂ ಕೇಳಿ.

ಮುಂದೆ ಎಲ್ಲಾದರೂ ಯಾರಾದರೂ ಬಿದ್ದಿದ್ದರೆ ನೀವು ಮತ್ತೆ ಓಡಿ ಹೋಗುವವರೇ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಗಾಡಿಯಲ್ಲಿ ಒಂದು ಜೊತೆ ಗ್ಲೌಸ್ ಇಡಿ. ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೂ ಸಾಕು. ಅದೂ ಇಲ್ಲದಿದ್ದರೆ ಬರಿಗೈಯಲ್ಲೇ ಒತ್ತಿ ಹಿಡಿಯಿರಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಹಾರಿದರೆ ಬರೀ ನೀರಿನಿಂದ ಚೆನ್ನಾಗಿ ತೊಳೆಯುತ್ತಾ ಇರಿ. ಏನಾದರೂ ಚುಚ್ಚಿದರೆ ಗಾಯವನ್ನು ಹಿಂಡಬೇಡಿ, ಬ್ಲೀಚ್, ಸ್ಪಿರಿಟ್ ಸುರಿಯಬೇಡಿ. ಹಾಗೆ ಮಾಡಿದರೆ ಮುಚ್ಚಬೇಕಾದ ಬಾಗಿಲನ್ನು ನಾವೇ ಕೆದಕಿ ತೆರೆದ ಹಾಗೆ. ಸೋಪು, ಹರಿಯುವ ನೀರು, ನೇರ ಆಸ್ಪತ್ರೆ. ನೆಲದ ಮೇಲೆ ಚೆಲ್ಲಿದ ರಕ್ತವನ್ನು ಗ್ಲೌಸ್ ಹಾಕಿಕೊಂಡು ಕಾಗದದಿಂದ ಎತ್ತಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಬಿಟ್ಟು ಒರೆಸಿ.

ಹೆಂಡತಿಯಿಂದ ದೂರ ಮಲಗುವ ಅಗತ್ಯ ಇಲ್ಲ. ಅವರಿಗೆ ಅವತ್ತಿನ ಕಥೆ ಪೂರ್ತಿ ಹೇಳಿಬಿಡಿ. ಮೂರು ವಾರದಿಂದ ನೀವು ಯಾಕೆ ಹೀಗಿದ್ದೀರಿ ಅಂತ ಅವರು ಏನೇನು ಅಂದುಕೊಂಡಿದ್ದಾರೋ, ಅದು ಬಹುಶಃ ಎಚ್‌ಐವಿಗಿಂತ ಕೆಟ್ಟದ್ದೇ ಇರಬೇಕು.

ಅಂಗಿಯನ್ನು ಸುಡಬೇಡಿ. ಮೊದಲು ತಣ್ಣೀರಲ್ಲಿ ನೆನೆಸಿ, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಆಮೇಲೆ ಮಾಮೂಲಿ ಪುಡಿ ಹಾಕಿ ಒಗೆಯಿರಿ. ಮೂರು ವಾರದ ಕಲೆ, ಪೂರ್ತಿ ಹೋಗದೆಯೂ ಇರಬಹುದು.